ಬಿಸಿಲಿಲ್ಲದ ಬಣ್ಣ

ಆಸ್ಟ್ರೇಲಿಯಾದಲ್ಲಿ ಮದುವೆಗೋ ಶಾಲೆಯ ಕೊನೆಯ ವರ್ಷದ ಔತಣಕ್ಕೋ ಸಜ್ಜಾಗುವ ಬಿಳಿಯ ಹುಡುಗಿಯರಲ್ಲಿ ಹಲವರು ಒಂದೆರಡು ದಿನ ಮುಂಚೆ ಸಲೂನಿಗೆ ಹೋಗಿ ಮೈಗೆ ಕಂದುಬಣ್ಣ ಸಿಂಪಡಿಸಿಕೊಳ್ಳುತ್ತಾರೆ. ಅದೇ ಸ್ಪ್ರೇ ಟ್ಯಾನ್. ನಮಗೆ ಬಿಳುಪಿನ ಆಸೆ, ಅವರಿಗೆ ಕಪ್ಪಿನ ಆಸೆ ಎಂದು ನಕ್ಕು ಸುಮ್ಮನಾಗುವುದು ಸುಲಭ. ನನಗೆ ನಗಲು ಮನಸ್ಸಾಗುವುದಿಲ್ಲ. ಆ ದೇಶದಲ್ಲಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ತುಂಬುವಷ್ಟರಲ್ಲಿ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಮೈ ಕಂದಾಗಿಸುವ ನೇರಳಾತೀತ ದೀಪದ ಹಾಸಿಗೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ತಂಬಾಕಿನ ಸಾಲಿಗೇ ಸೇರಿಸಿತು. 2015ರ ಹೊತ್ತಿಗೆ ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳು ಆ ವ್ಯಾಪಾರವನ್ನೇ ನಿಷೇಧಿಸಿದ್ದವು. ಬಣ್ಣ ಬೇಕೇ ಬೇಕು ಎನ್ನುವ ಹುಡುಗಿ ಬಿಸಿಲಲ್ಲಿ ಬೇಯುವುದಕ್ಕಿಂತ ಸಿಂಪಡಿಸಿಕೊಳ್ಳುವುದು ಎಷ್ಟೋ ವಾಸಿ.

ಸಿಂಪಡಿಸುವ ದ್ರವದಲ್ಲಿರುವುದು ಡೈಹೈಡ್ರಾಕ್ಸಿಅಸಿಟೋನ್ ಎಂಬ ಸರಳ ಸಕ್ಕರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಇದನ್ನು ಅಪರೂಪದ ಕಾಯಿಲೆಯೊಂದಿದ್ದ ಮಕ್ಕಳಿಗೆ ಕುಡಿಸುತ್ತಿದ್ದರು. ಚೆಲ್ಲಿದ ಕಡೆಯೆಲ್ಲ ಚರ್ಮಕ್ಕೆ ಕಂದು ಕಲೆ ಬಿದ್ದಿತ್ತು, ಬಟ್ಟೆಗೆ ಬಿದ್ದಿರಲಿಲ್ಲ. ಚರ್ಮದ ತೀರ ಮೇಲಿನ ಸತ್ತ ಪದರದ ಅಮೈನೋ ಆಮ್ಲಗಳ ಜೊತೆ ಈ ಸಕ್ಕರೆ ಕೂಡಿ ಬಣ್ಣ ತಿರುಗುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದೇ ಬಗೆಯ ಕ್ರಿಯೆಯಿಂದ.

ಬಣ್ಣ ಹಿಡಿಯುವುದು ಸತ್ತ ಪದರಕ್ಕೆ ಎಂದು ತಿಳಿದರೆ ತಯಾರಿಯ ಗುಟ್ಟೂ ತಿಳಿದಂತೆ. ಆ ಪದರ ಎಲ್ಲಿ ದಪ್ಪವೋ ಒಣಕಲೋ ಅಲ್ಲಿ ಬಣ್ಣ ಹೆಚ್ಚು ಕುಡಿಯುತ್ತದೆ. ಮೊಣಕೈ, ಮಂಡಿ, ಹಿಮ್ಮಡಿ, ಬೆರಳ ಗೆಣ್ಣುಗಳು ಕಪ್ಪಿಡುವುದು ಅದಕ್ಕೇ. ಹಿಂದಿನ ದಿನವೇ ಒರಟು ಬಟ್ಟೆಯಿಂದಲೋ ಎಣ್ಣೆಯಂಶವಿಲ್ಲದ ಸ್ಕ್ರಬ್ಬಿನಿಂದಲೋ ಮೈ ಹದವಾಗಿ ತಿಕ್ಕಿ ತೊಳೆಯಬೇಕು. ರಕ್ತ ಚಿಮ್ಮುವ ಹಾಗೆ ಉಜ್ಜುವುದು ಬೇಡ. ಕೂದಲು ತೆಗೆಸುವುದಿದ್ದರೂ ಆ ದಿನವೇ ಮುಗಿಸಬೇಕು. ಆಗಷ್ಟೇ ವ್ಯಾಕ್ಸಿಂಗ್ ಮಾಡಿಸಿದ ಕಾಲಿಗೆ ಸಿಂಪಡಿಸಿದರೆ ರೋಮರಂಧ್ರಗಳಲ್ಲಿ ಬಣ್ಣ ಕೂತು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಸಲೂನಿಗೆ ಹೋಗುವಾಗ ಮೈಮೇಲೆ ಕ್ರೀಮು, ಸೆಂಟು, ಡಿಯೋಡರಂಟ್ ಯಾವುದೂ ಇರಬಾರದು. ಮೊಣಕೈ, ಮಂಡಿಯಂಥ ಒಣಕಲು ಜಾಗಗಳಿಗೆ ಮಾತ್ರ ತೆಳುವಾಗಿ ಕ್ರೀಮು ಸವರುವುದುಂಟು, ಅಲ್ಲಿ ಬಣ್ಣ ಕಡಿಮೆ ಹಿಡಿಯಲೆಂದು. ಸಡಿಲವಾದ ಗಾಢಬಣ್ಣದ ಬಟ್ಟೆ ತೊಟ್ಟು ಹೋಗಬೇಕು. ಆಮೇಲೆ ಆರೆಂಟು ಗಂಟೆ ನೀರು ಸೋಕಿಸಬಾರದು, ಬೆವರಬಾರದು. ಅಲರ್ಜಿಯ ಚರ್ಮದವರು ಮೊದಲೇ ಒಂದಿಷ್ಟನ್ನು ಹಚ್ಚಿ ಪರೀಕ್ಷಿಸಿಕೊಳ್ಳಬೇಕು.

ಇಷ್ಟನ್ನೂ ಸಲೂನಿನವರು ಹೇಳುತ್ತಾರೆ. ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೆರಡು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಈ ಸಕ್ಕರೆಗೆ ಒಪ್ಪಿಗೆ ಕೊಟ್ಟಿರುವುದು ಮೈಮೇಲೆ ಹಚ್ಚಲು ಮಾತ್ರ. ಮಂಜಿನಂತೆ ಸಿಂಪಡಿಸುವಾಗ ಅದು ಉಸಿರಿಗೂ ಕಣ್ಣಿಗೂ ತುಟಿಗೂ ತಾಗದಂತೆ ನೋಡಿಕೊಳ್ಳಬೇಕು. ಮೂಗಿಗೆ, ಕಣ್ಣಿಗೆ ರಕ್ಷಣೆ ಕೊಡಿ ಎಂದು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಇನ್ನೊಂದು, ಈ ಕಂದು ಬಿಸಿಲನ್ನು ತಡೆಯುವುದಿಲ್ಲ. ನಮ್ಮ ಮೈಗೆ ಬಣ್ಣ ಕೊಡುವ ಮೆಲನಿನ್ ಬೇರೆ, ಇದು ಬೇರೆ. ಸತ್ತ ಪದರ ಉದುರುತ್ತಾ ವಾರದೊಳಗೆ ಬಣ್ಣ ಮಾಸುತ್ತದೆ. ಅದು ಇರುವ ಅಷ್ಟೂ ದಿನ ಕೆಳಗಿನ ಚರ್ಮ ಮೊದಲಿನಷ್ಟೇ ಬಿಳಿ, ಮೊದಲಿನಷ್ಟೇ ಸುಡುವಂಥದ್ದು. ಮರುದಿನ ಕಡಲತೀರಕ್ಕೆ ಹೊರಟವಳು ಟೋಪಿ ಹಾಕಿಕೊಂಡು ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಬಳಿದುಕೊಳ್ಳಲೇಬೇಕು.