ಕಾಣದ ಬೆಸುಗೆ

ಹಳೆಯ ಜೀಪಿಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಹೊಸತಲ್ಲ. ಅದನ್ನು ಹೊರುವ ಮೌಂಟಿಂಗ್ ಮಾತ್ರ ಅಳತೆಗೆ ಸರಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ; ವೆಲ್ಡಿಂಗಿನವರೇ ದಪ್ಪ ಪ್ಲೇಟು ಕತ್ತರಿಸಿ, ತೂತು ಕೊರೆದು, ಚಾಸಿಗೆ ಬೆಸೆಯಬೇಕು. ನಡುವೆ ರಬ್ಬರ್ ಇರಬೇಕು. ಇಲ್ಲದಿದ್ದರೆ ಎಂಜಿನ್ನಿನ ನಡುಕವೆಲ್ಲ ಬೆಸುಗೆಗೇ ಬಿದ್ದು, ಒಂದು ದಿನ ಬಿರುಕು ಬಿಟ್ಟೀತು.

ಮಧುರೆಯ ಅಂಗಡಿಯೊಂದರಲ್ಲಿ ಗಿರಾಕಿಯೊಬ್ಬರು, "ತೋಟದವರೆಗೆ ಓಡಿದರೆ ಸಾಕು, ರಬ್ಬರ್ ಗಿಬ್ಬರ್ ಬೇಡ" ಎಂದರು. "ಹಂಗಾದ್ರೆ ನನ್ ಕೈಲಿ ಆಗಲ್ಲ ಸ್ವಾಮಿ" ಎಂದ ಬೆಸೆಯುವವನು. ಅಂದಿನ ಕೂಲಿ ಹೋಯಿತು.

ಇವನು ಒಲ್ಲೆನೆಂದರೆ ಪಕ್ಕದವನು ಮಾಡಿಕೊಡುತ್ತಾನೆ. ಬಂದ ಲಾಭವೇನು ಎಂದು ನೀವು ಕೇಳಬಹುದು. ಪಕ್ಕದವನ ಕೆಲಸಕ್ಕೆ ಇವನು ಹೊಣೆಯಲ್ಲ, ತನ್ನ ಕೈಕೆಲಸಕ್ಕೆ ಹೊಣೆ. ಅಪಾಯಕ್ಕೆ ಒಪ್ಪಿದವರು ಗಾಡಿಯ ಒಡೆಯರೊಬ್ಬರೇ. ಅದೇ ದಾರಿಯಲ್ಲಿ ಸೈಕಲ್ ತುಳಿಯುತ್ತ ಶಾಲೆಗೆ ಬರುವ ಹುಡುಗಿಯನ್ನು ಯಾರೂ ಕೇಳಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಕಟ್ಟುಪಾಡು ಹಾಕಿದೆ, ನಿಜ. ಆದರೆ ಕಾನೂನು ಗಾಡಿಯಡಿಗೆ ಬಗ್ಗಿ ನೋಡುವುದು ಅಪರೂಪ.

ರವಿಕೆಯ ಒಳಹೊಲಿಗೆಯನ್ನು ತಿರುಗಿಸಿ ನೋಡಿಯೇ ಕೊಳ್ಳುವ ನಮಗೆ ಇದು ತಿಳಿಯದ ಮಾತೇನಲ್ಲ. ಹೊಲಿಗೆ ಬಿಟ್ಟರೆ ಮಾನ ಹೋದೀತು, ಬೆಸುಗೆ ಬಿಟ್ಟರೆ ಪ್ರಾಣ. ಗಿರಾಕಿಯ ಜೊತೆಗೆ ಆ ಹುಡುಗಿಯನ್ನೂ ನೆನೆಯುವುದು ಕಸುಬಿನ ಧರ್ಮವೆಂದೇ ನನ್ನ ಭಾವನೆ.