ಧೃತಿ



ಕಷ್ಟಕಾಲದಲ್ಲಿ ನಾವು ಒಬ್ಬರಿಗೊಬ್ಬರು ‘ಧೃತಿಗೆಡಬೇಡಿ’ ಎಂದು ಸಮಾಧಾನ ಹೇಳುವುದುಂಟು. ಧೈರ್ಯವೆಂಬ ಅರ್ಥದಲ್ಲಿಯೇ ಆ ಮಾತು ನಮ್ಮಲ್ಲಿ ರೂಢವಾಗಿದೆ. ಆದರೆ ಈ ಎರಡು ಶಬ್ದಗಳ ಹುಟ್ಟು ಬೇರೆ. ಧೈರ್ಯವು ‘ಧೀರ’ ಶಬ್ದದಿಂದ ಬಂದದ್ದು; ಧೃತಿಯಾದರೋ ‘ಧೃ’ ಧಾತುವಿಗೆ ‘ಕ್ತಿನ್’ ಪ್ರತ್ಯಯ ಸೇರಿ ಆದದ್ದು. ಹಿಡಿದಿರುವುದು, ಹೊತ್ತಿರುವುದು ಎಂದು ಧಾತುವಿನ ಅರ್ಥ. ಧರ್ಮ, ಧಾರಣೆ, ಧರಣಿ ಇವೆಲ್ಲವೂ ಅದೇ ಮನೆಯ ಮಕ್ಕಳು. ಆದ್ದರಿಂದ ಧೃತಿಯೆಂದರೆ ಅಲುಗದೆ ನಿಲ್ಲುವುದು ಎನ್ನುವುದಕ್ಕಿಂತ ಮೊದಲು, ಬಿಡದೆ ಹಿಡಿಯುವುದು.

ಏನನ್ನು ಹಿಡಿಯುವುದು? ಗೀತೆಯ 18ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಧೃತಿಯನ್ನು ಮೂರು ಬಗೆಯಾಗಿ ವಿಭಾಗಿಸಿದ್ದಾನೆ. ಯೋಗಬಲದಿಂದ ಮನಸ್ಸು, ಪ್ರಾಣ, ಇಂದ್ರಿಯಗಳ ವ್ಯಾಪಾರವನ್ನು ಅಡ್ಡದಾರಿಗೆ ಬಿಡದೆ ಹಿಡಿಯುವುದು ಸಾತ್ತ್ವಿಕ. ಫಲದ ಆಸೆಯಿಂದ ಧರ್ಮಾರ್ಥಕಾಮಗಳನ್ನು ಹಿಡಿದಿರುವುದು ರಾಜಸ. ಮೂರನೆಯದನ್ನು ಕೇಳಿದಾಗ ನಾವು ಸ್ವಲ್ಪ ನಿಂತು ಯೋಚಿಸಬೇಕು. ನಿದ್ರೆ, ಭಯ, ಶೋಕ, ವಿಷಾದ, ಮದ ಇವುಗಳನ್ನು ಬಿಡದಿರುವುದೂ ಧೃತಿಯೇ! ತಾಮಸವಾದ ಧೃತಿ. ಭಗವಂತನು ಅದನ್ನು ಧೃತಿಯ ಅಭಾವವೆನ್ನಲಿಲ್ಲ. ತಂದೆಯ ಕಾಲದ ದಾಯಾದಿ ವೈರವನ್ನು ಮಕ್ಕಳು ಎಷ್ಟು ಬಿಗಿಯಾಗಿ ಹಿಡಿದಿರುತ್ತಾರೆಂಬುದನ್ನು ನಾವು ಕಾಣುವುದಿಲ್ಲವೇ? ಏಕಾದಶಿಯ ಉಪವಾಸ ತಪ್ಪಿದರೂ ಆ ವೈರ ತಪ್ಪುವುದಿಲ್ಲ. ಅಗಲಿದವರಿಗಾಗಿ ಅಳುವುದನ್ನು ನಾವು ದೂಷಿಸುತ್ತಿಲ್ಲ. ಶೋಕ ಬರುವುದು ಸಹಜ, ಅದನ್ನೇ ಅಪ್ಪಿಕೊಂಡು ವರ್ಷಗಟ್ಟಲೆ ಕುಳಿತಿರುವುದು ಬೇರೆ. ಅಂಥವರಲ್ಲಿ ಹಿಡಿಯುವ ಶಕ್ತಿಗೆ ಕೊರತೆಯಿಲ್ಲ. ಹಿಡಿದ ವಸ್ತು ಬದಲಾಗಬೇಕು, ಅಷ್ಟೆ.

ಈ ಶಕ್ತಿಯಾದರೂ ಯಾರದು? ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಗಾರ್ಗಿಗೆ, ಸೂರ್ಯಚಂದ್ರರು ‘ಅಕ್ಷರ’ನ ಆಜ್ಞೆಯಲ್ಲಿ ಧರಿಸಲ್ಪಟ್ಟು ನಿಂತಿದ್ದಾರೆಂದು ಉಪದೇಶಿಸಿದರು. ಬ್ರಹ್ಮಸೂತ್ರದ ಅಕ್ಷರಾಧಿಕರಣದಲ್ಲಿ ಶ್ರೀಮದಾಚಾರ್ಯರು ಆ ಅಕ್ಷರನು ಶ್ರೀವಿಷ್ಣುವೇ ಎಂದು ನಿರ್ಣಯಿಸಿದ್ದಾರೆ. ಅಂಬರದವರೆಗೆ ಎಲ್ಲವನ್ನೂ ಧರಿಸಿರುವುದೇ ಅಲ್ಲಿಯ ಹೇತು. ಸೂತ್ರದಲ್ಲಿರುವುದೂ ಇದೇ ‘ಧೃತಿ’ ಶಬ್ದವೇ. ಹೊರುವವನು ಸ್ವತಂತ್ರನಾದ ಅವನೊಬ್ಬನೇ. ಜೀವನ ಹಿಡಿತವೆಲ್ಲ ಅವನ ಅಧೀನ.

ಅರ್ಜುನನಿಗೆ ಇದು ಅನುಭವದಿಂದಲೇ ತಿಳಿಯಿತು. ವಿಶ್ವರೂಪವನ್ನು ಕಂಡು ‘ನನಗೆ ಧೃತಿ ದೊರೆಯುತ್ತಿಲ್ಲ’ ಎಂದು 11ನೆಯ ಅಧ್ಯಾಯದಲ್ಲಿ ಮೊರೆಯಿಟ್ಟಾಗ ಅವನು ಕರೆದದ್ದು ವಿಷ್ಣುವೆಂಬ ಹೆಸರಿನಿಂದ. ಉಪದೇಶವೆಲ್ಲ ಮುಗಿದ ಮೇಲೆ ಅದೇ ಅರ್ಜುನನು ತಾನೀಗ ಸ್ಥಿರನಾಗಿ ನಿಂತಿರುವುದಾಗಿ ಹೇಳಿದನು. ಆದರೆ ತನ್ನ ಬಲದಿಂದ ಎನ್ನಲಿಲ್ಲ. ಅಚ್ಯುತನ ಪ್ರಸಾದದಿಂದ ಎಂದನು, ಅವನ ಮಾತಿನಂತೆ ನಡೆಯುವೆನೆಂದು ಒಪ್ಪಿಕೊಂಡನು.