ಒಂದಂಗುಲದ ಧರ್ಮಸೂಕ್ಷ್ಮ

ಪರರಿಂದ ನಮ್ಮ ಕೈಸೇರಿದ ಹಳೆಯ ವಸ್ತುವನ್ನು ಬದಲಿಸುವ ಅಧಿಕಾರ ನಮಗೆ ಎಷ್ಟರ ಮಟ್ಟಿಗೆ ಉಂಟು? ಈ ಪ್ರಶ್ನೆಯು ಕಳೆದ ಬೇಸಗೆಯಲ್ಲಿ ಕಾಸರಗೋಡಿನ ನಮ್ಮ ಮನೆಯ ಜಗಲಿಗೆ ಒಂದು ಕಾರಿನ ನೆಪದಿಂದ ಬಂದಿತು. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿಯ ವೃದ್ಧರೊಬ್ಬರಿಂದ 1976ರ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದರು.

“ಮಾಸ್ಟ್ರೇ, ಅದನ್ನು ಒಂದಂಗುಲ ತಗ್ಗಿಸಬೇಕೆಂದು ಆಸೆ. ಆದರೆ ಆ ಅಜ್ಜ ಕೀಲಿಕೈ ಕೊಡುವಾಗ ‘ಇದ್ದ ಹಾಗೆಯೇ ಇರಲಿ’ ಎಂದಿದ್ದರು” ಎಂದರು.

“ಹಾಗಾದರೆ ಕೊಟ್ಟ ಮಾತಿಗೆ ತಪ್ಪಬೇಡ” ಎಂದೆವು.

“ನಾನು ಮಾತು ಕೊಡಲಿಲ್ಲ. ಸುಮ್ಮನಿದ್ದೆ.”

ಆ ಮೌನವೇ ನಮ್ಮನ್ನು ಚಿಂತನೆಗೆ ಹಚ್ಚಿತು. ಕಾರಿನ ಚರಿತ್ರೆಯನ್ನು ಅವರಿಂದಲೇ ಕೇಳಿ ತಿಳಿದೆವು. 1962ರಿಂದ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಈ ಕಾರು ನೆಲಕ್ಕೆ ಹತ್ತಿರವಾಗಿ, ತಿರುವುಗಳಲ್ಲಿ ಸ್ಥಿರವಾಗಿ ಓಡುವಂತೆ ರೂಪುಗೊಂಡಿತ್ತು. ಅದರ ದೊಡ್ಡ ಮಾರುಕಟ್ಟೆ ಅಮೆರಿಕ. ಅಲ್ಲಿಯ ಸುರಕ್ಷತಾ ನಿಯಮಗಳು ಬಿಗಿಯಾದಾಗ, 1974ರಲ್ಲಿ ಹೊಳೆಯುವ ಲೋಹದ ಬಂಪರಿನ ಸ್ಥಾನಕ್ಕೆ ರಬ್ಬರಿನಂತೆ ಕಾಣುವ ಭಾರವಾದ ಕಪ್ಪು ಬಂಪರು ಬಂದಿತು. ದೀಪಗಳನ್ನು ನಿಯಮದ ಎತ್ತರಕ್ಕೆ ತರಲು ಮುಂಭಾಗವನ್ನು ಹೊಸತಾಗಿ ರೂಪಿಸುವ ಬದಲು ಇಡೀ ಕಾರನ್ನೇ ಸುಮಾರು ಒಂದರಿಂದ ಒಂದೂವರೆ ಅಂಗುಲ ಎತ್ತರಿಸಿದರು. ಇದರಿಂದ ತಿರುವುಗಳಲ್ಲಿ ಅದರ ವಾಲಾಟ ಹೆಚ್ಚಿತು. 1980ರಲ್ಲಿ ತಯಾರಿಕೆಯೇ ನಿಂತಿತು.

ಹಾಗಾದರೆ ಈ ಕಾರಿನ ‘ಮೂಲ’ ಯಾವುದು? ವಿನ್ಯಾಸಕಾರನ ಮನಸ್ಸಿನಲ್ಲಿದ್ದ ತಗ್ಗು ರೂಪವೇ, ಕಾನೂನಿಗೆ ಮಣಿದು ಕಾರ್ಖಾನೆಯಿಂದ ಹೊರಬಂದ ಎತ್ತರದ ರೂಪವೇ? ಮೊದಲನೆಯದೆಂದರೆ ತಗ್ಗಿಸುವುದು ಜೀರ್ಣೋದ್ಧಾರ. ಎರಡನೆಯದೆಂದರೆ ಅದೇ ಕಾರ್ಯ ವಿರೂಪ. ಆ ಎತ್ತರದಲ್ಲಿಯೇ ಕಾರು ದಶಕಗಳ ಕಾಲ ಓಡಿದೆ, ಯಜಮಾನನ ಪ್ರೀತಿಗೆ ಪಾತ್ರವಾಗಿದೆ. ಬಲವಂತದಿಂದ ಬಂದುದೂ ಕಾಲಾಂತರದಲ್ಲಿ ಬಾಳಿನ ಭಾಗವಾಗುತ್ತದೆ. ಆದುದರಿಂದ ‘ಮೂಲ’ವೆಂಬ ಒಂದೇ ಮಾತಿನಿಂದ ಈ ವ್ಯಾಜ್ಯ ತೀರದು.

ತಗ್ಗಿಸುವ ವಿಧಾನದಲ್ಲಿಯೂ ಧರ್ಮಾಧರ್ಮಗಳಿವೆ. ಮುಂದಿನ ಸುರುಳಿ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡಗೊಳಿಸುವವರುಂಟು. ಕತ್ತರಿಸಿದುದು ಮತ್ತೆ ಕೂಡದು. ಅಳತೆ ತಪ್ಪಿದರೆ ಹೊಂಡಗಳಲ್ಲಿ ಅಡಿಭಾಗ ನೆಲಕ್ಕೆ ತಾಗುತ್ತದೆ, ಚಾಲನೆಯ ಹಿಡಿತ ಕೆಡುತ್ತದೆ. ಆಗ ಅಪಾಯ ಒಡೆಯನೊಬ್ಬನದಲ್ಲ, ದಾರಿಹೋಕನದೂ ಹೌದು. ಬಲ್ಲವರು ಸರಿಯಾದ ಅಳತೆಯ ಬೇರೆ ಸ್ಪ್ರಿಂಗುಗಳನ್ನು ಜೋಡಿಸುತ್ತಾರೆ. ಹಿಂದಿನ ಪಟ್ಟಿ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಲೋಹದ ತುಂಡನ್ನು ಇರಿಸುತ್ತಾರೆ. ಬೇಡವೆಂದಾಗ ಇವೆಲ್ಲವನ್ನೂ ಬಿಚ್ಚಿ ಹಿಂದಿನಂತೆಯೇ ಮಾಡಬಹುದು.

ಕೊನೆಗೆ ನಾವು ಅವರಿಗೆ ಮೂರು ಮಾತು ಹೇಳಿದೆವು: ಮೊದಲು ಆ ಅಜ್ಜನನ್ನು ಕೇಳು, ಮುಂದಿನವನು ಅಳಿಸಬಹುದಾದಷ್ಟನ್ನೇ ಬರೆ, ತೆಗೆದುದನ್ನು ಎಸೆಯಬೇಡ. ಅವರು ಹಿಂತಿರುಗಿ ಹಾಗೆಯೇ ನಡೆದುಕೊಂಡರು. ಅಜ್ಜನಿಗೆ ಅದು ರುಚಿಸಲಿಲ್ಲವಂತೆ. “ಕಾರು ಈಗ ನಿನ್ನದು” ಎಂದಷ್ಟೇ ಹೇಳಿದರಂತೆ. ಕಾರು ತಗ್ಗಿತು. ಹಳೆಯ ಸ್ಪ್ರಿಂಗುಗಳು ಎಣ್ಣೆ ಸವರಿಸಿಕೊಂಡು ಶೆಡ್ಡಿನಲ್ಲಿವೆ. ಅಜ್ಜನ ಅಸಮಾಧಾನ ನಮ್ಮ ಮನಸ್ಸಿನಲ್ಲಿಯೂ ಸ್ವಲ್ಪ ಉಳಿದಿದೆ. ಆದರೆ ಕದ್ದು ಮಾಡಿದುದಲ್ಲ, ಮರಳಲಾಗದಂತೆ ಮಾಡಿದುದೂ ಅಲ್ಲ.

ಇಷ್ಟು ಉಪದೇಶಿಸಿದ ನಾವು ಸ್ವತಃ ಹಾಗೆ ನಡೆದುಕೊಂಡೆವೇ? ಗಡಿನಾಡಿನ ಕನ್ನಡ ಶಾಲೆಯಲ್ಲಿ ಮಕ್ಕಳು ಮನೆಯಿಂದ ತರುತ್ತಿದ್ದ ಮಾತುಗಳಲ್ಲಿ ತುಳು, ಮಲಯಾಳಗಳ ಒಡನಾಟವಿತ್ತು, ಅಜ್ಜಿಯರ ಅಡುಗೆಮನೆಯ ಕನ್ನಡವಿತ್ತು. 1956ರಲ್ಲಿ ಗಡಿರೇಖೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಬಳಿಕ ಭಾಷೆಯನ್ನು ಶುದ್ಧವಾಗಿ ಉಳಿಸುವ ಹಂಬಲ ನಮ್ಮಂತಹ ಅಧ್ಯಾಪಕರಲ್ಲಿ ಬಲವಾಗಿತ್ತು. ಆ ಮಾತುಗಳ ಮೇಲೆ ಕೆಂಪು ಶಾಯಿ ಎಳೆದು ಗ್ರಂಥದ ಮಾತುಗಳನ್ನು ಬರೆಯಿಸಿದೆವು. ಗ್ರಂಥಭಾಷೆ ಕಲಿಸಿದುದು ತಪ್ಪೆಂದು ಇಂದಿಗೂ ಅನಿಸುವುದಿಲ್ಲ. ಪರೀಕ್ಷೆಗೂ ಬದುಕಿಗೂ ಅದು ಬೇಕಿತ್ತು. ಆದರೆ ಹೊಡೆದುಹಾಕಿದ ಮಾತುಗಳಲ್ಲಿ ಒಂದನ್ನಾದರೂ ನಾವು ಪುಸ್ತಕದಲ್ಲಿ ಬರೆದಿಡಲಿಲ್ಲ. ಮನೆಯವರನ್ನು ಕೇಳಲೂ ಇಲ್ಲ. ಮಕ್ಕಳು ಸುಮ್ಮನಿದ್ದರು. ಆ ಮೌನವನ್ನು ನಾವು ಸಮ್ಮತಿಯೆಂದು ತಿಳಿದೆವು.

ತಿದ್ದುವ ಅಧಿಕಾರ ಉಳ್ಳವನಿಗೆ ತೆಗೆದುದನ್ನು ಕಾಪಿಡುವ ಹೊಣೆಯೂ ಉಂಟು. ಈ ಸಮ್ಮೇಳನಕ್ಕೆ ಬಂದಿರುವ ಹಿರಿಯರಲ್ಲಿ ನಮ್ಮದೊಂದು ಬಿನ್ನಹ: ನಿಮ್ಮ ಮನೆಮಾತಿನ ಹಳೆಯ ಪದಗಳು ನೆನಪಿನಲ್ಲಿದ್ದರೆ ದಯವಿಟ್ಟು ನಮಗೆ ಹೇಳಿರಿ. ಎಪ್ಪತ್ತು ಕಳೆದ ಮೇಲಾದರೂ ನಾವೊಂದು ಪುಸ್ತಕ ತೆರೆದಿದ್ದೇವೆ.